ಹದಿನಾಲ್ಕರಲ್ಲಿ ಒಂದು ಬಾಗಿಲು

ಆ ಅರ್ಜಿಗೆ ನಾನು ಹತ್ತಕ್ಕೆ ಮೂರು ಅಂಕ ಕೊಟ್ಟಿದ್ದೆ. ಷರಾ ಬರೆಯುವ ಜಾಗದಲ್ಲಿ ಏನು ಬರೆದೆ ಅನ್ನುವುದೂ ನೆನಪಿದೆ. "ಹಾಡು ಹೇಳಿಸುವುದು ನಾಯಕತ್ವವಲ್ಲ. ತನ್ನ ಕಷ್ಟವನ್ನು ಸ್ವಲ್ಪ ಉಬ್ಬಿಸಿ ಹೇಳಿದ್ದಾಳೆ." ಬರೆದದ್ದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಹೇಳಿಕೊಂಡರೆ ಇನ್ನಷ್ಟು ಕೆಟ್ಟದಾಗಿ ಕೇಳಿಸುತ್ತದೆ.

ಡಾಲಸ್‌ನಲ್ಲಿ ಒಂದು ಸಣ್ಣ ಪ್ರತಿಷ್ಠಾನವಿದೆ. ಆಫ್ರಿಕಾದ ದೇಶಗಳಿಂದ ಪ್ರತಿವರ್ಷ ಕೆಲವು ಯುವಕ ಯುವತಿಯರನ್ನು ಆರಿಸಿ ಟೆಕ್ಸಸ್‌ನ ವಿಶ್ವವಿದ್ಯಾಲಯಗಳಲ್ಲಿ ಸ್ನಾತಕೋತ್ತರ ಪದವಿ ಓದಿಸುತ್ತಾರೆ. ಫೀ, ವಿಮಾನದ ಟಿಕೆಟ್, ವಸತಿ, ಊಟ, ಪುಸ್ತಕ ಎಲ್ಲವೂ ಅವರದೇ. ತಮ್ಮ ಊರಿನಲ್ಲಿ ಹತ್ತು ಜನರನ್ನು ಕೂಡಿಸಿ ಏನಾದರೂ ಕೆಲಸ ಮಾಡಿದವರಾಗಿರಬೇಕು, ಓದು ಮುಗಿದ ಮೇಲೆ ಮರಳಿ ಹೋಗಬೇಕು, ಇಷ್ಟೇ ಷರತ್ತು. ಸಾರ್ವಜನಿಕ ಆರೋಗ್ಯ, ಕಾನೂನು, ನೀರಾವರಿ ಓದುವವರ ಜೊತೆಗೆ ಸಂಗೀತ ಓದುವವರಿಗೂ ಒಂದೆರಡು ಜಾಗ ಇಟ್ಟಿದ್ದರು. ಅರ್ಜಿಗಳನ್ನು ಓದಿ ಅಂಕ ಕೊಡಲು ಅವರಿಗೆ ಸ್ವಯಂಸೇವಕರು ಬೇಕಾಗಿದ್ದರು. ಲಾಸ್ ಕೊಲಿನಾಸ್‌ನ ನನ್ನ ಆಫೀಸಿನ ಮ್ಯಾನೇಜರ್ ಅಲ್ಲಿಗೆ ಹೋಗುತ್ತಿದ್ದರು. ಅವರು ಕರೆದರು, ನಾನು ಹೋದೆ. ಒಳ್ಳೆಯ ಕೆಲಸ ಅನ್ನಿಸಿತ್ತು, ನಿಜ. ನಾಲ್ಕು ಜನರ ಮುಂದೆ ಹೇಳಿಕೊಳ್ಳಲು ಚೆನ್ನಾಗಿತ್ತು ಅನ್ನುವುದೂ ಅಷ್ಟೇ ನಿಜ.

ನಾನು ಧಾರವಾಡದವಳು. ಮದುವೆಯಾಗಿ ಈ ಕಡೆ ಬಂದು ಇಪ್ಪತ್ತು ವರ್ಷ ದಾಟಿದೆ. ಡಾಲಸ್ ಪಕ್ಕದ ಪ್ಲೇನೋದಲ್ಲಿ ಮನೆ, ಹೈಸ್ಕೂಲಿನಲ್ಲಿ ಓದುವ ಮಗಳು, ನನ್ನಂತೆಯೇ ಕಂಪ್ಯೂಟರಿನ ಮುಂದೆ ಕೂತು ದುಡಿಯುವ ಗಂಡ. ಮನೆಯಲ್ಲಿ ನಾವಿಬ್ಬರೂ ಊರಿನ ಮಾತನ್ನೇ ಆಡುತ್ತೇವೆ. ಮಗಳು ಎಲ್ಲವನ್ನೂ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ.

ನಮಗೆ ಬರುತ್ತಿದ್ದ ಅರ್ಜಿಗಳಲ್ಲಿ ಹೆಸರು, ದೇಶ, ಊರು ಯಾವುದೂ ಕಾಣುತ್ತಿರಲಿಲ್ಲ. ಯಾರೂ ಯಾರ ಪಕ್ಷವನ್ನೂ ವಹಿಸಬಾರದೆಂದು ಅವುಗಳ ಮೇಲೆಲ್ಲ ಕಪ್ಪು ಪಟ್ಟಿ ಎಳೆದಿರುತ್ತಿದ್ದರು. ನಾನು ಮೂರು ಅಂಕ ಕೊಟ್ಟ ಅರ್ಜಿಯ ಹುಡುಗಿ ಬೇರೊಂದು ದೇಶಕ್ಕೆ ಹೋಗಿ ಕೃಷಿ ಓದಿ, ಊರಿಗೆ ಮರಳಿ ಹಳ್ಳಿಗಳಲ್ಲಿ ಕೆಲಸಕ್ಕೆ ಸೇರಿದ್ದಳು. ಬೀಜ ಕೆಡದಂತೆ ಇಡುವುದು ಹೇಗೆಂದು ಹೇಳಲು ಸಭೆ ಕರೆದರೆ ಹೆಂಗಸರು ಬರುತ್ತಿರಲಿಲ್ಲವಂತೆ. ಆಗ ಹೇಳಬೇಕಾದದ್ದನ್ನೆಲ್ಲ ಹಾಡು ಮಾಡಿದಳು. ಹೆಂಗಸರು ಬಂದರು. ಒಂದು ಹಳ್ಳಿಯಲ್ಲಿ ಶುರುವಾದ ಹಾಡಿನ ಮೇಳ ಒಂಬತ್ತು ಹಳ್ಳಿಗೆ ಹಬ್ಬಿತು. ಆಮೇಲೆ ಸಂಗೀತದಲ್ಲಿ ಎರಡು ವರ್ಷದ ಡಿಪ್ಲೊಮಾ ಮಾಡಿಕೊಂಡಳು. ಈಗ ಸಂಗೀತ ಶಿಕ್ಷಣದಲ್ಲಿ ಸ್ನಾತಕೋತ್ತರ ಪದವಿ ಬೇಕೆಂದು ಕೇಳಿದ್ದಳು. ನಡುವೆ ಒಂದು ಕಡೆ, ಓದಲು ಹೋದ ಊರಿನಲ್ಲಿ ಬಾಡಿಗೆ ಕೋಣೆಗಾಗಿ ಹದಿನಾಲ್ಕು ಬಾಗಿಲು ತಟ್ಟಿದೆ, ಹದಿನಾಲ್ಕೂ ಮನೆಯವರು ಇಲ್ಲ ಎಂದರು, ಎಂದು ಬರೆದಿದ್ದಳು. ಉಬ್ಬಿಸಿ ಹೇಳಿದ್ದಾಳೆ ಎಂದು ನಾನು ಷರಾ ಬರೆದದ್ದು ಅದಕ್ಕೇ.

ಅಂಕಗಳನ್ನು ತಾಳೆ ನೋಡಲು ಡಾಲಸ್‌ನ ಒಂದು ಗ್ರಂಥಾಲಯದ ಕೋಣೆಯಲ್ಲಿ ಐದು ಜನ ಕೂತೆವು. ಹೂಸ್ಟನ್‌ನಿಂದ ಬಂದಿದ್ದ ನಿವೃತ್ತ ಸಂಗೀತ ಶಿಕ್ಷಕಿಯೊಬ್ಬರು ನಮ್ಮೆಲ್ಲರಿಗಿಂತ ಹಿರಿಯರು. ಕಪ್ಪು ಜನರ ಚರ್ಚೊಂದರಲ್ಲಿ ಬಹಳ ವರ್ಷಗಳಿಂದ ಹಾಡು ಕಲಿಸುತ್ತಿದ್ದವರು. ಬೇರೆ ನಾಲ್ವರೂ ಈ ಅರ್ಜಿಗೆ ಎಂಟು, ಒಂಬತ್ತು ಕೊಟ್ಟಿದ್ದರು.

"ಮೂರು ಕೊಟ್ಟವರು ಯಾರು?" ಎಂದು ಅವರು ಕನ್ನಡಕದ ಮೇಲಿನಿಂದ ನೋಡಿದರು.

ನಾನು ಕೈ ಎತ್ತಿದೆ. "ನಮ್ಮ ಊರಿನಲ್ಲಿ ಓಣಿಗೊಂದು ಭಜನಾ ಮಂಡಳಿ ಇದೆ. ಅದನ್ನು ನಡೆಸುವವರನ್ನೆಲ್ಲ ಲೀಡರ್ ಅನ್ನೋಕಾಗುತ್ತಾ?" ಎಂದೆ.

"ನಿಮ್ಮ ಊರಿನ ಆ ಹೆಂಗಸರು ಊರ ಗಂಡಸರ ಹತ್ತಿರ ಹೋಗಿ ಗೋದಾಮಿನ ಬೀಗದ ಕೈ ಇಸಕೊಂಡಿದ್ದಾರಾ?"

ನನಗೆ ಅರ್ಥವಾಗಲಿಲ್ಲ. ಅವರು ಕಾಗದ ತಿರುವಿ ನಾಲ್ಕನೇ ಪುಟ ತೋರಿಸಿದರು. ಮೇಳದ ಹೆಂಗಸರು ಹಾಡುತ್ತಲೇ ಊರ ಗಂಡಸರ ಸಮಿತಿಯ ಕಚೇರಿಯ ಮುಂದೆ ಎರಡು ದಿನ ಕೂತು, ಬೀಜದ ಗೋದಾಮಿನ ಕೀಲಿಯನ್ನು ತಮ್ಮ ಕೈಗೆ ತೆಗೆದುಕೊಂಡ ವಿಷಯ ಅಲ್ಲಿತ್ತು. ನಾನು ಆ ಪುಟದ ಮೇಲೆ ಬರೀ ಕಣ್ಣಾಡಿಸಿದ್ದೆ. ಆ ವರ್ಷದ ಆಯ್ಕೆಯಲ್ಲಿ ಮೊದಲು ಬಂದದ್ದು ಅವಳ ನಂಬರೇ.

ಆರು ತಿಂಗಳಾದ ಮೇಲೆ ಪ್ರತಿಷ್ಠಾನದಿಂದ ಇಮೇಲ್ ಬಂತು. ಆಸ್ಟಿನ್‌ನ ವಿಶ್ವವಿದ್ಯಾಲಯದ ವಸತಿ ತೆರೆಯುವ ಒಂದು ವಾರ ಮೊದಲೇ ಸಂಗೀತದ ವಿದ್ಯಾರ್ಥಿನಿ ಡಾಲಸ್‌ಗೆ ಬಂದಿಳಿಯುತ್ತಾಳೆ, ಯಾರಾದರೂ ಮನೆಯಲ್ಲಿ ಇಟ್ಟುಕೊಳ್ಳುತ್ತೀರಾ ಎಂದು ಕೇಳಿದ್ದರು. ಆ ನಾಲ್ಕನೇ ಪುಟ ಮನಸ್ಸಿನಲ್ಲಿ ಚುಚ್ಚುತ್ತಲೇ ಇತ್ತು. ನಾನು ಇಟ್ಟುಕೊಳ್ಳುತ್ತೇನೆ ಎಂದು ಬರೆದೆ. ಮಲಾವಿ ದೇಶದವಳು ಎಂದು ಗೊತ್ತಾದದ್ದು ಆಗಲೇ. ನಾನು ಅವಳ ಅರ್ಜಿ ಓದಿದವಳು ಎನ್ನುವುದನ್ನು ಮಾತ್ರ ಹೇಳಬಾರದು, ಅದು ಅವರ ನಿಯಮ.

ಆಗಸ್ಟ್ ತಿಂಗಳು. ಏರ್‌ಪೋರ್ಟಿನ ಬಾಗಿಲು ತೆರೆದಾಗೆಲ್ಲ ಹೊರಗಿನ ಝಳ ಮುಖಕ್ಕೆ ಹೊಡೆಯುತ್ತಿತ್ತು. ಹೆಸರು ಬರೆದ ಕಾಗದ ಹಿಡಿದು ನಿಂತಿದ್ದೆ. ಒಂದು ಸೂಟ್‌ಕೇಸು, ಬಟ್ಟೆಯಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡ ಒಂದು ಉದ್ದನೆಯ ಡೋಲು, ಮೂವತ್ತರ ಒಳಗಿನ ಎತ್ತರದ ಹುಡುಗಿ. ಇಂಗ್ಲಿಷಿನಲ್ಲಿ ಸ್ವಾಗತ ಹೇಳಿ ಕೈ ಕುಲುಕಿದೆ. ಅಷ್ಟರಲ್ಲಿ ಗಂಡನ ಫೋನು. "ಬಂದಾಳ್ರಿ, ಹೊಂಟ್ವಿ ಇನ್ನ. ಅನ್ನಕ್ಕಿಟ್ಟ ಬಿಡ್ರಿ," ಎಂದು ಇಟ್ಟೆ.

ಹುಡುಗಿ ನಿಂತಲ್ಲೇ ನಿಂತಿದ್ದಳು. ಬಾಯಿ ಅರ್ಧ ತೆರೆದಿತ್ತು.

"ಅಕ್ಕಾರ, ನೀವು ಧಾರವಾಡದವ್ರೇನ್ರಿ?" ಎಂದಳು.

ನನ್ನ ಕೈಯಲ್ಲಿದ್ದ ಕಾಗದ ಕೆಳಗೆ ಬಿತ್ತು. ಬಗ್ಗಿ ಎತ್ತಿಕೊಳ್ಳಲೂ ತೋಚಲಿಲ್ಲ, ಅವಳೇ ಎತ್ತಿಕೊಟ್ಟಳು. ಈ ಊರಿನಲ್ಲಿ ನಮ್ಮವರು ಸಾವಿರಾರು ಮಂದಿ ಇದ್ದಾರೆ, ಅಂಗಡಿಯಲ್ಲಿ ಕನ್ನಡ ಕಿವಿಗೆ ಬಿದ್ದರೆ ತಿರುಗಿ ನೋಡುವುದನ್ನೂ ಬಿಟ್ಟಿದ್ದೇನೆ. ಆದರೆ ಆ ಮುಖದಿಂದ ಆ ಮಾತು ಬಂದಾಗ ನನಗೆ ಒಂದು ಕ್ಷಣ ನನ್ನ ಭಾಷೆಯೇ ಮರೆತಂತಾಯಿತು. ಇಂಗ್ಲಿಷಿನಲ್ಲೇ ಕೇಳಿದೆ, ನಿನಗೆ ಇದು ಹೇಗೆ ಬರುತ್ತದೆ ಎಂದು.

"ನಾಕು ವರ್ಷ ಧಾರವಾಡದಾಗ ಇದ್ದೆನ್ರಿ. ಕೃಷಿ ಓದಾಕ ಬಂದಿದ್ದೆ," ಎಂದಳು. ಉಚ್ಚಾರದಲ್ಲಿ ಅಲ್ಲೊಂದು ಇಲ್ಲೊಂದು ಅಕ್ಷರ ದಪ್ಪವಾಗುತ್ತಿತ್ತು. ಮಿಕ್ಕದ್ದೆಲ್ಲ ಅಪ್ಪಟ ನಮ್ಮ ಓಣಿಯ ಮಾತು.

ಕಾರಿನಲ್ಲಿ ಅವಳು ಮಾರುಕಟ್ಟೆ, ಕೆರೆ, ಪೇಢೆ, ಮಳೆಗಾಲದ ಕೆಂಪು ಕೆಸರು ಎಂದು ಒಂದೊಂದನ್ನೇ ನೆನೆಯುತ್ತಿದ್ದಳು. ನಾನು ಹ್ಞೂಂಗುಟ್ಟುತ್ತಿದ್ದೆ. ಮನಸ್ಸು ಬೇರೆ ಕಡೆ ಓಡುತ್ತಿತ್ತು. ಅರ್ಜಿಯಲ್ಲಿ ಕಪ್ಪು ಪಟ್ಟಿಯ ಕೆಳಗೆ ಇದ್ದದ್ದು ಧಾರವಾಡ. ಹದಿನಾಲ್ಕು ಬಾಗಿಲು ಇದ್ದದ್ದು ಧಾರವಾಡದಲ್ಲಿ. ಇಳಿಯಬೇಕಾದ ಎಕ್ಸಿಟ್ ತಪ್ಪಿ ಫ್ರಿಸ್ಕೋ ದಾಟಿ ಪ್ರಾಸ್ಪರ್‌ನ ಹೊಸ ಮನೆಗಳ ಸಾಲು ಕಂಡಾಗಲೇ ಎಚ್ಚರವಾದದ್ದು.

ಮನೆಯಲ್ಲಿ ನನ್ನ ಗಂಡ ಅವಳ ಮಾತು ಕೇಳಿ ಸೌಟು ಹಿಡಿದುಕೊಂಡೇ ನಕ್ಕರು, ನಂಬದವರಂತೆ ಮತ್ತೆ ಮತ್ತೆ ಮಾತಾಡಿಸಿದರು. ಮಗಳು ಮಹಡಿಯಿಂದ ಇಳಿದು ಬಂದು ಸ್ವಲ್ಪ ಹೊತ್ತು ಕೇಳಿ, "ಅಮ್ಮಾ, ಶೀ ಸ್ಪೀಕ್ಸ್ ಬೆಟರ್ ದ್ಯಾನ್ ಮೀ," ಎಂದಳು. ಜೋಳದ ರೊಟ್ಟಿ, ಎಣಗಾಯಿ ಬಡಿಸಿದೆ. ಅವಳು ರೊಟ್ಟಿಯ ಅಂಚನ್ನು ಮುರಿದು, ಚಟ್ನಿಪುಡಿಗೆ ಎಣ್ಣೆ ಕೇಳಿ ಹಾಕಿಸಿಕೊಂಡು ಉಂಡಳು.

ಮರುದಿನ ಚಹಾ ಕುಡಿಯುವಾಗ ನಾನು ಫೋನ್ ತೆಗೆದು ಸಪ್ತಾಪುರದಲ್ಲಿರುವ ನಮ್ಮ ಮನೆಯ ಚಿತ್ರ ತೋರಿಸಿದೆ. ಹತ್ತು ವರ್ಷದ ಹಿಂದೆ ನಾವು ಕಟ್ಟಿಸಿದ ಮನೆ. ಕೆಳಗೆ ನನ್ನ ಅಣ್ಣನ ಸಂಸಾರ, ಮೇಲೆ ಬಾಡಿಗೆಗೆ ಎರಡು ಕೋಣೆ. ಅಣ್ಣ ಕಾಲೇಜಿನ ಹತ್ತಿರ ಸ್ಟೇಷನರಿ ಅಂಗಡಿ ಇಟ್ಟಿದ್ದಾನೆ. ಬಾಡಿಗೆ ಮನೆಯ ವ್ಯವಹಾರವನ್ನೂ ಅವನೇ ನೋಡಿಕೊಳ್ಳುತ್ತಾನೆ.

ಅವಳು ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು ಬಹಳ ಹೊತ್ತು ನೋಡಿದಳು. ಬೆರಳಿನಿಂದ ಚಿತ್ರ ದೊಡ್ಡದು ಮಾಡಿ ನೋಡಿದಳು.

"ಮದ್ಲ ಈ ಗೇಟಿಗೆ ಹಸರ ಬಣ್ಣ ಇತ್ತೇನ್ರಿ?"

"ಹೌದು, ಹೋದ ವರ್ಷ ಬದಲಿ ಮಾಡ್ಸಿದ್ವಿ. ನೀ ನೋಡೀಯೇನು?"

"ಆ ಕಡೆ ಅಡ್ಯಾಡ್ತಿದ್ದೆನ್ರಿ," ಎಂದು ಫೋನ್ ವಾಪಸು ಕೊಟ್ಟಳು. ಚಹಾದ ಕಪ್ಪನ್ನು ತಾನೇ ತೊಳೆದಿಟ್ಟು ಕೋಣೆಗೆ ಹೋದಳು. ನನಗೆ ಏನೂ ಹೊಳೆಯಲಿಲ್ಲ.

ನಡುವಿನ ದಿನಗಳು ಚೆನ್ನಾಗಿಯೇ ಕಳೆದವು. ನಾನು ಆಫೀಸಿನಿಂದ ಬರುವಷ್ಟರಲ್ಲಿ ಅವಳು, ಮಗಳು ಸೇರಿ ಡೋಲು ಬಾರಿಸುತ್ತಿದ್ದರು. ಒಂದು ಸಂಜೆ ಮೆಕ್ಕೆಜೋಳದ ಹಿಟ್ಟು ತರಿಸಿ, ತಮ್ಮ ಕಡೆ ನ್ಸಿಮಾ ಎನ್ನುತ್ತಾರೆಂದು ಹೇಳಿ, ಬಿಳಿ ಮುದ್ದೆ ತಿರುವಿ ಹಾಕಿದಳು. ಮಗಳಿಗೆ ಬೀಜದ ಹಾಡೊಂದನ್ನು ಕಲಿಸಿದಳು. ಒಬ್ಬರು ಎತ್ತಿಕೊಂಡರೆ ಉಳಿದವರು ಹಿಂದಿನಿಂದ ಬಂದು ಸೇರುವ ಹಾಡು. ಧಾರವಾಡದಲ್ಲಿ ಚಿಕ್ಕವಳಿದ್ದಾಗ ನಾನೂ ಎಂಟು ವರ್ಷ ಸಂಗೀತ ಕಲಿತಿದ್ದೆ. ಇಲ್ಲಿಗೆ ಬಂದ ಮೇಲೆ ಬಿಟ್ಟೆ. ಅಡಿಗೆ ಮನೆಯಲ್ಲಿ ನಿಂತು ಕೇಳುತ್ತಿದ್ದೆ, ಸೇರಿಕೊಳ್ಳಲಿಲ್ಲ. ನನ್ನ ಜೊತೆ ಅವಳ ಮಾತು ಕಡಿಮೆಯಾದದ್ದನ್ನು ಗಮನಿಸಿದ್ದೆ. ಊರು ಬಿಟ್ಟು ಬಂದ ಬೇಸರ ಇರಬೇಕು ಅಂದುಕೊಂಡೆ.

ಭಾನುವಾರ ಬೆಳಗ್ಗೆ ಅಣ್ಣ ವಿಡಿಯೊ ಕಾಲ್ ಮಾಡುವುದು ನಮ್ಮ ಮನೆಯ ವಾಡಿಕೆ. ಆ ಭಾನುವಾರ ನಾವು ನಾಲ್ವರೂ ಉಪ್ಪಿಟ್ಟು ತಿನ್ನುತ್ತ ಕೂತಿದ್ದೆವು. ಮಗಳೇ ಫೋನ್ ಎತ್ತಿ, ನಮ್ಮ ಮನೆಗೆ ಬಂದವರನ್ನು ನೋಡು ಮಾಮಾ ಎನ್ನುತ್ತ ಅವಳ ಕಡೆ ತಿರುಗಿಸಿದಳು.

ಅಣ್ಣ ಕಣ್ಣು ಕಿರಿದು ಮಾಡಿ ನೋಡಿದ. "ಏ! ನೀ ಅಲ್ಲೇನವಾ? ನಮ್ಮ ಟೇಲರ್ ಅಜ್ಜಿ ಮನ್ಯಾಗ ಇದ್ದಾಕಿ! ನೀ ಅಲ್ಲಿ ಹೆಂಗ ಬಂದಿ?"

"ಕಾಕಾ, ಆರಾಮ ಅದೀರೇನ್ರಿ?" ಎಂದಳು ಅವಳು. ನಾಲ್ಕು ದಿನಗಳಲ್ಲಿ ಅವಳ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿರಲಿಲ್ಲ.

ಅಣ್ಣನಿಗೆ ಖುಷಿಯೋ ಖುಷಿ. ಅಂಗಡಿಗೆ ಬಂದು ನೋಟ್‌ಬುಕ್ ಒಯ್ಯುತ್ತಿದ್ದದ್ದು, ಕನ್ನಡ ಅಕ್ಷರ ಬರೆದು ತೋರಿಸುತ್ತಿದ್ದದ್ದು, ಓಣಿಯಲ್ಲಿ ಬಟ್ಟೆ ಹೊಲಿಯುತ್ತಿದ್ದ ಟೇಲರ್ ಅಜ್ಜಿ ಹೋದ ವರ್ಷ ತೀರಿಕೊಂಡದ್ದು ಎಲ್ಲ ಹೇಳಿದ. ಆಮೇಲೆ ನನ್ನ ಕಡೆ ತಿರುಗಿ, ನಗುನಗುತ್ತಲೇ ಅಂದ:

"ನಿನಗ ನೆನಪೈತಿಲ್ಲೋ? ಏಳೆಂಟು ವರ್ಷದ ಹಿಂದ ಮ್ಯಾಲಿನ ಖೋಲಿ ಕೇಳ್ಕೊಂಡು ಇಬ್ಬರು ಹುಡಿಗ್ಯಾರು ಬಂದಾರಂತ ನಿನಗ ಫೋನ್ ಹಚ್ಚಿದ್ನೆಲ್ಲ? ನೀ ಬ್ಯಾಡ ಅಂದಿ. ಅದಕ್ಕ ನಾನ ಕರ್ಕೊಂಡ್ಹೋಗಿ ಟೇಲರ್ ಮನ್ಯಾಗ ಮಾತಾಡಿ ಇಡ್ಸಿದ್ದೆ. ಅವರಾಗ ಒಬ್ಬಾಕಿ ಇಕಿನ ನೋಡು!"

ಹೇಳಿ ಮುಗಿಸಿದ ಮೇಲೆ ಅವನಿಗೇ ಅರಿವಾಗಿರಬೇಕು. ನಗು ನಿಂತಿತು. ಅಂಗಡಿಗೆ ಗಿರಾಕಿ ಬಂದಾರ ಎಂದು ಫೋನ್ ಇಟ್ಟ.

ನೆನಪಾಯಿತು. ಎಲ್ಲವೂ ಒಮ್ಮೆಗೇ ನೆನಪಾಯಿತು. ಲಾಸ್ ಕೊಲಿನಾಸ್‌ನ ಪಾರ್ಕಿಂಗ್ ಲಾಟ್, ಕಾರು ಲಾಕ್ ಮಾಡಿ ಮೀಟಿಂಗಿಗೆ ಓಡುತ್ತಿದ್ದ ಹೊತ್ತು. "ಆಫ್ರಿಕಾದವ್ರು ಬ್ಯಾಡ ಅಣ್ಣಾ. ಎಂಥವ್ರೋ ಏನೋ. ಆಮ್ಯಾಲೆ ಓಣ್ಯಾಗ ತಲಿ ಎತ್ತಿ ಅಡ್ಯಾಡೂದು ಕಠಿಣ ಆಕ್ಕೈತಿ. ಏನರೆ ನೆವ ಹೇಳಿ ಕಳಿಸಿಬಿಡು." ಎರಡು ನಿಮಿಷದ ಮಾತು. ಮೀಟಿಂಗಿನ ಬಾಗಿಲು ತೆರೆಯುವಷ್ಟರಲ್ಲಿ ಮರೆತಿದ್ದೆ.

ಗಂಡ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಮಗಳು ನನ್ನನ್ನೇ ನೋಡುತ್ತಿದ್ದಳು. ಎಲ್ಲವೂ ಅವಳಿಗೆ ಅರ್ಥವಾಗಿತ್ತು. "ಅಮ್ಮಾ, ಯು ಸೆಡ್ ದ್ಯಾಟ್?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮಹಡಿ ಹತ್ತಿ ಹೋದಳು.

"ಅಣ್ಣ ಫೋನ್ ಮಾಡಿದಾಗ ನೀ ಅಲ್ಲೇ ನಿಂತಿದ್ದೇನು?" ಎಂದು ಕೇಳಿದೆ.

"ಹೌದ್ರಿ. ಗೇಟಿನ ಹಂತೇಲೆ. ಸ್ಪೀಕರ್ ಹಚ್ಚಿದ್ರು. ನಿಮ್ಮ ಮಾತು ತಿಳಿದಿದ್ದಿಲ್ಲ, ಆಗ ನನಗ ಕನ್ನಡ ಬರ್ತಿದ್ದಿಲ್ಲ. ಬ್ಯಾಡ ಅನ್ನೂದು ಅಷ್ಟ ತಿಳೀತು."

"ಫೋಟೋ ನೋಡಿದಾಗಲೇ ನಿನಗ ಗೊತ್ತಾತು."

"ಹೌದ್ರಿ."

"ಯಾಕ ಹೇಳಲಿಲ್ಲ?"

 ಅವಳು ಒಂದೊಂದೇ ಮಾತನ್ನು ಆರಿಸಿ ಇಟ್ಟಂತೆ ಹೇಳಿದಳು: "ಹೇಳಿದ್ರ ನೀವು ತಪ್ಪಾತು ಅಂತಿದ್ರಿ. ನೀವು ತಪ್ಪಾತು ಅಂದ ಮ್ಯಾಲೆ ನಾ ಇರ್ಲಿ ಬಿಡ್ರಿ ಅನ್ನಬೇಕಾಗ್ತಿತ್ತು. ನಿಮ್ಮ ಮನ್ಯಾಗ ಉಂಡೀನಲ್ರಿ, ಅನ್ನದ ಇರಾಕ ಆಗ್ತಿದ್ದಿಲ್ಲ. ಆದ್ರ ಹಂಗ ಅನ್ನಾಕ ನನಗ ಇನ್ನೂ ಮನಸಿಲ್ರಿ, ಅಕ್ಕಾರ."

ತಪ್ಪಾಯಿತು ಎನ್ನುವ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಹೇಳುವುದಕ್ಕೂ ಅವಳು ದಾರಿ ಬಿಡಲಿಲ್ಲ. ಬೈದಿದ್ದರೆ, ಅತ್ತಿದ್ದರೆ ನನಗೆ ಏನಾದರೂ ಮಾಡಲು ಬರುತ್ತಿತ್ತು. ಅವಳು ಮಾತ್ರ ಎದ್ದು, ಆರಿದ ಉಪ್ಪಿಟ್ಟಿನ ಪಾತ್ರೆಗೆ ಮುಚ್ಚಳ ಮುಚ್ಚಿ, ಸ್ನಾನಕ್ಕೆ ಹೋದಳು.

ಅವಳು ಒಳಗೆ ಹೋದ ಮೇಲೆ ನಾನು ಲ್ಯಾಪ್‌ಟಾಪ್ ತೆಗೆದು ಅರ್ಜಿಯನ್ನು ಮತ್ತೆ ಹುಡುಕಿ ಓದಿದೆ. ಹದಿನಾಲ್ಕು ಬಾಗಿಲಿನ ಆ ಪ್ಯಾರಾದಲ್ಲಿ ಒಂದು ಸಾಲಿತ್ತು: "ಒಂದು ಮನೆಯವರು ಒಳ್ಳೆಯವರಂತೆ ಕಂಡರು, ಆದರೆ ವಿದೇಶದಲ್ಲಿದ್ದ ಒಡತಿಯನ್ನು ಫೋನಿನಲ್ಲಿ ಕೇಳಿದರು. ಅವಳು ಏನೆಂದಳೋ ತಿಳಿಯಲಿಲ್ಲ. ತಿಳಿಯಬೇಕೆಂದೇ ಆ ಭಾಷೆ ಕಲಿತೆ." ನನ್ನ ಬಗ್ಗೆ ಬರೆದ ಸಾಲನ್ನು ನಾನೇ ಓದಿದ್ದೆ. ಓದಿ, ಉಬ್ಬಿಸಿ ಹೇಳಿದ್ದಾಳೆ ಎಂದು ಷರಾ ಬರೆದಿದ್ದೆ.

ಮಂಗಳವಾರ ಅವಳನ್ನು ಆಸ್ಟಿನ್‌ಗೆ ಬಿಡಬೇಕಿತ್ತು. ಬಸ್ಸಿನಲ್ಲಿ ಹೋಗುತ್ತೇನೆ ಎಂದಳು. ಸೂಟ್‌ಕೇಸು, ಡೋಲು ಇಟ್ಟುಕೊಂಡು ಬಸ್ಸೆಂಥದು ಎಂದು ನನ್ನ ಗಂಡ ಹೇಳಿದ್ದಕ್ಕೆ ಒಪ್ಪಿದಳು. ರಜೆ ಹಾಕಿ ನಾನೇ ಡ್ರೈವ್ ಮಾಡಿಕೊಂಡು ಹೊರಟೆ. ಅರ್ಧ ದಾರಿಯ ವೇಕೋ ಊರು ದಾಟುವವರೆಗೆ ರಸ್ತೆಯನ್ನೇ ನೋಡುತ್ತ ಓಡಿಸಿದೆ. ಆಮೇಲೆ ನನಗೆ ತಡೆಯಲಾಗಲಿಲ್ಲ. ನಿಯಮ ಮುರಿದು ಹೇಳಿಬಿಟ್ಟೆ, ನಿನ್ನ ಅರ್ಜಿ ನಾನೂ ಓದಿದ್ದೆ, ಹತ್ತಕ್ಕೆ ಮೂರು ಕೊಟ್ಟಿದ್ದೆ ಎಂದು.

ಅವಳು ತಿರುಗಿ ನೋಡಿದಳು. "ಮೂರ?" ಎಂದಳು. ಆಮೇಲೆ ಜೋರಾಗಿ ನಕ್ಕಳು. "ನಮ್ಮ ಕಾಲೇಜಿನ್ಯಾಗ ಮಣ್ಣಿನ ಪಾಠ ಹೇಳೂ ಸರ್ ಸೈತ ನನಗ ಅಷ್ಟ ಕಡಿಮಿ ಹಾಕಿದ್ದಿಲ್ರಿ!" ನಾನೂ ನಗಬೇಕೋ ಏನೋ ತಿಳಿಯದೆ ಸ್ಟೀರಿಂಗ್ ಹಿಡಿದುಕೊಂಡೇ ಇದ್ದೆ. ನಗು ನಿಂತ ಮೇಲೆ ಅವಳು ಕಿಟಕಿಯ ಕಡೆ ಮುಖ ಮಾಡಿದಳು. ಆಸ್ಟಿನ್ ಬರುವವರೆಗೂ ಈ ಕಡೆ ತಿರುಗಲಿಲ್ಲ.

ವಸತಿಯ ಕಚೇರಿಯಲ್ಲಿ ಕೀಲಿ ಕೊಡುವ ಹುಡುಗಿಯನ್ನು ಅವಳು ಎರಡು ಸಲ ಕೇಳಿದಳು, ಕೋಣೆ ನನ್ನ ಹೆಸರಿನಲ್ಲೇ ಇದೆಯೇ, ಬೇರೆ ಯಾರನ್ನೂ ಕೇಳಬೇಕಾಗಿಲ್ಲವೇ ಎಂದು. ಕೀಲಿ ಕೈಗೆ ಬಂದ ಮೇಲೆ ಸೂಟ್‌ಕೇಸನ್ನು ತಾನೇ ಎಳೆದುಕೊಂಡಳು. ಬಾಗಿಲಿನ ತನಕ ಡೋಲು ಹೊತ್ತುಕೊಂಡು ಹೋದದ್ದು ನಾನು. ಒಳಗೆ ಕರೆಯಲಿಲ್ಲ. "ಹುಷಾರಾಗಿ ಹೋಗ್ರಿ, ಅಕ್ಕಾರ," ಎಂದಳು.

ಮುಂದಿನ ಶನಿವಾರ ಹೂಸ್ಟನ್‌ಗೆ ಹೋದೆ, ಆ ನಿವೃತ್ತ ಶಿಕ್ಷಕಿಯ ಮನೆಗೆ. ಫೋನಿನಲ್ಲಿ ಹೇಳುವ ವಿಷಯ ಅಲ್ಲ ಅನ್ನಿಸಿತ್ತು. ಅವರ ಮನೆಯ ಮುಂದಿನ ಕೋಣೆಯಲ್ಲಿ ಹಳೆಯ ಪಿಯಾನೋ, ಅದರ ಮೇಲೆ ಶಿಷ್ಯರ ಚಿತ್ರಗಳು. ನಾನು ಧಾರವಾಡದ ಫೋನಿನಿಂದ ಹಿಡಿದು ಕಾರಿನಲ್ಲಿ ಹೇಳಿದ್ದರ ತನಕ ಒಂದನ್ನೂ ಬಿಡದೆ ಹೇಳಿದೆ. ನಡುವೆ ಅಳು ಬಂತು.

"ನಾನು ಅರ್ಜಿ ಓದುವ ಕೆಲಸ ಬಿಟ್ಟುಬಿಡಲೇ?" ಎಂದು ಕೊನೆಗೆ ಕೇಳಿದೆ.

"ಹೌದು, ಬಿಡು," ಎಂದರು.

ಹಾಗೆಲ್ಲ ಅನ್ನಬೇಡ, ತಪ್ಪು ಎಲ್ಲರಿಂದಲೂ ಆಗುತ್ತದೆ, ನಿನ್ನಂಥವರು ಬೇಕು ಎಂದು ಅವರು ಹೇಳಲಿ ಎಂದೇ ನಾಲ್ಕು ಗಂಟೆ ಡ್ರೈವ್ ಮಾಡಿಕೊಂಡು ಬಂದಿದ್ದೆ ಎಂದು ಆಗಲೇ ನನಗೆ ತಿಳಿದದ್ದು.

"ಮೂರು ಕೊಟ್ಟದ್ದಕ್ಕಲ್ಲ," ಎಂದು ಅವರು ಮುಂದುವರಿಸಿದರು. "ನಾವೆಲ್ಲ ಒಂದಲ್ಲ ಒಂದು ಸಲ ತಪ್ಪು ಅಂಕ ಕೊಟ್ಟಿದ್ದೇವೆ. ಅವಳು ಕ್ಷಮಿಸುವುದಿಲ್ಲ ಎಂದು ಬಾಯಿಬಿಟ್ಟು ಹೇಳಿದ ಮೇಲೂ ನೀನು ಕಾರಿನಲ್ಲಿ ಇನ್ನೊಂದನ್ನು ತೆಗೆದು ಅವಳ ಮುಂದಿಟ್ಟೆ. ಆ ಕಾರಿನಿಂದ ಇಳಿದು ಹೋಗಲು ಅವಳಿಗೆ ದಾರಿ ಇರಲಿಲ್ಲ. ನಿನಗೆ ಹಗುರವಾಯಿತು. ಅವಳಿಗೆ?"

ಅವರು ಒಳಗೆ ಹೋಗಿ ತಣ್ಣನೆಯ ಚಹಾ ತಂದುಕೊಟ್ಟರು. ನಾನು ಕುಡಿದು ಮುಗಿಸಿದ ಮೇಲೆ, "ಕಾರು ಓಡಿಸುವುದು ಬರುತ್ತದಲ್ಲ? ಏರ್‌ಪೋರ್ಟಿಗೆ ಹೋಗಿ ಕರೆತರುವವರು ನಮಗೆ ಯಾವಾಗಲೂ ಕಡಿಮೆ. ಮಾತು ಕಡಿಮೆ ಆಡು, ಹೊತ್ತಿಗೆ ಸರಿಯಾಗಿ ಹೋಗು," ಎಂದರು. ಅಂದಿನಿಂದ ಆ ಕೆಲಸ ಮಾಡುತ್ತಿದ್ದೇನೆ.

ಅಣ್ಣನಿಗೆ ಫೋನ್ ಮಾಡಿ, ಇನ್ನು ಮುಂದೆ ಯಾರೇ ಓದುವ ಹುಡುಗಿಯರು ಬಂದರೂ ಖೋಲಿ ಕೊಡು, ನನ್ನನ್ನು ಕೇಳಬೇಡ ಎಂದೆ. "ನಾ ಆವತ್ತ ಕೊಡಬೇಕಂತಿದ್ನವಾ," ಎಂದನೇ ಹೊರತು ಅವನೂ ನನ್ನನ್ನು ಸಮಾಧಾನ ಮಾಡಲಿಲ್ಲ. ಒಂದು ವರ್ಷದ ಮೇಲೆ ಇಥಿಯೋಪಿಯಾದ ಇಬ್ಬರು ವಿದ್ಯಾರ್ಥಿನಿಯರು ಬಂದು ಸೇರಿದರಂತೆ. ಪಕ್ಕದ ಮನೆಯವರು ಒಂದು ತಿಂಗಳು ಮುಖ ತಿರುಗಿಸಿ ಓಡಾಡಿ, ಆಮೇಲೆ ಮಾತಾಡಲು ಶುರು ಮಾಡಿದರಂತೆ. ಓಣಿಯಲ್ಲಿ ಯಾರ ತಲೆಯೂ ತಗ್ಗಲಿಲ್ಲ.

ಮಗಳು ನನ್ನ ಜೊತೆ ಮೊದಲಿನಂತೆ ಮಾತಾಡಲು ತಿಂಗಳುಗಳೇ ಹಿಡಿದವು. ಆದರೆ ಆಸ್ಟಿನ್‌ನಲ್ಲಿದ್ದವಳಿಗೆ ಮೆಸೇಜ್ ಮಾಡುತ್ತಲೇ ಇದ್ದಳು, ಅದೂ ಕನ್ನಡದಲ್ಲಿ, ಇಂಗ್ಲಿಷ್ ಅಕ್ಷರ ಹಾಕಿ. ತಪ್ಪುಗಳು ಅಲ್ಲಿಂದ ತಿದ್ದಿಸಿಕೊಂಡು ವಾಪಸು ಬರುತ್ತಿದ್ದವು.

ಎರಡನೇ ವರ್ಷದ ವಸಂತದಲ್ಲಿ ನನ್ನ ಫೋನಿಗೂ ಒಂದು ಸಂದೇಶ ಬಂತು, ಕನ್ನಡ ಲಿಪಿಯಲ್ಲಿ. ಪದವಿಗಾಗಿ ಮಾಡಬೇಕಾದ ಕಾರ್ಯಕ್ರಮ ಇದೆ, ಬಿಡುವಿದ್ದರೆ ಬನ್ನಿ ಎಂದಿತ್ತು. ಮೂವರೂ ಹೋದೆವು. ವಿಶ್ವವಿದ್ಯಾಲಯದ ಸಣ್ಣ ಸಭಾಂಗಣ. ವೇದಿಕೆಯ ಮೇಲೆ ಆಸ್ಟಿನ್‌ನ ಮಾಮೂಲಿ ಹೆಂಗಸರು ಇಪ್ಪತ್ತು ಮಂದಿ, ಕ್ಯಾಂಪಸ್ಸಿನಲ್ಲಿ ಅಡಿಗೆ ಮಾಡುವವರು, ಕಸ ಗುಡಿಸುವವರು, ಒಬ್ಬಿಬ್ಬರು ಪ್ರಾಧ್ಯಾಪಕಿಯರು. ಇವಳು ಅವರನ್ನೆಲ್ಲ ಒಂದು ಸೆಮಿಸ್ಟರ್ ಕೂಡಿಸಿ ಹಾಡಿಸಿದ್ದಳು. ಕೈ ಬೀಸಿ ಹಾಡಿಸುವ ಕಲಾವಿದೆಯನ್ನು ನೋಡಲು ಹೋಗಿದ್ದೆ. ಅವಳು ವೇದಿಕೆಯ ಪಕ್ಕದಲ್ಲಿ ಡೋಲು ಹಿಡಿದು ನಿಂತಿದ್ದಳು ಅಷ್ಟೇ. ಒಬ್ಬೊಬ್ಬ ಹೆಂಗಸೂ ತನ್ನ ಹಾಡನ್ನು ತಾನೇ ಎತ್ತಿಕೊಂಡು ಉಳಿದವರನ್ನು ನಡೆಸಿದಳು. ಮೂರನೇ ಹಾಡಿಗೆ ಸಭೆಯಲ್ಲಿದ್ದವರನ್ನೂ ಎಬ್ಬಿಸಿದರು. ಮಗಳಿಗೆ ಗೊತ್ತಿದ್ದ ಬೀಜದ ಹಾಡು. ಎಷ್ಟೋ ವರ್ಷದ ಮೇಲೆ ನನ್ನ ಗಂಟಲಿನಿಂದ ಸ್ವರ ಹೊರಬಂತು. ಹಾಡು ಹೇಳಿಸುವುದು ನಾಯಕತ್ವವಲ್ಲ ಎಂದು ನಾನು ಆ ಷರಾದಲ್ಲಿ ಬರೆದದ್ದು ನೆನಪಾಯಿತು.

ಮುಗಿದ ಮೇಲೆ ಅವಳು ತನ್ನ ಪ್ರಾಧ್ಯಾಪಕರಿಗೆ ನಮ್ಮ ಪರಿಚಯ ಮಾಡಿಸಿದಳು. "ಇಲ್ಲಿಗೆ ಬಂದ ಮೊದಲ ವಾರ ಇವರ ಮನೆಯಲ್ಲಿದ್ದೆ," ಎಂದಳು. ಅದರ ಹಿಂದೆ ಮುಂದೆ ಒಂದು ಮಾತನ್ನೂ ಸೇರಿಸಲಿಲ್ಲ. ನಾನೂ ಸೇರಿಸಲಿಲ್ಲ. ಮಗಳನ್ನು ತಬ್ಬಿಕೊಂಡಳು. ನನಗೆ ಎರಡೂ ಕೈಗಳನ್ನು ಜೋಡಿಸಿದಳು.

ಷರತ್ತಿನಂತೆ ಓದು ಮುಗಿದ ಕೂಡಲೇ ಅವಳು ಊರಿಗೆ ಮರಳಿದಳು. ಹೋದ ತಿಂಗಳು ಭಾನುವಾರದ ಕಾಲ್‌ನಲ್ಲಿ ಅಣ್ಣ ಹೇಳಿದ, ಅವಳು ಈಗ ಹಳ್ಳಿಯ ಮೇಳಗಳನ್ನು ನಡೆಸುವವರಿಗೆ ತರಬೇತಿ ಕೊಡುವ ಕೇಂದ್ರವೊಂದನ್ನು ಶುರು ಮಾಡಿದ್ದಾಳೆ, ಅದಕ್ಕೆ ಟೇಲರ್ ಅಜ್ಜಿಯ ಹೆಸರು ಇಟ್ಟಿದ್ದಾಳೆ ಎಂದು.

"ನಿನಗ ಹೇಳಿಲ್ಲೇನು?" ಎಂದು ಕೇಳಿದ.

"ಇಲ್ಲ," ಎಂದೆ.

"ಹೇಳ್ತಾಳ ತಗೋ," ಎಂದು, ಮಳೆ ಹೇಗಿದೆ ಎನ್ನುವ ಮಾತಿಗೆ ಹೋದ.